ಪ್ರೊಜೆಕ್ಟರ್ ರಿಮೋಟಿನಿಂದ ಚಿತ್ರ, ಧ್ವನಿ ಸರಿಪಡಿಸುವುದು ಹೇಗೆ?

ಬದಿಯಡ್ಕದ ವಾಚನಾಲಯದಲ್ಲಿ ಯಕ್ಷಗಾನದ ವಿಡಿಯೊ ತೋರಿಸುವಾಗ ಚಿತ್ರ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತದೆ, ಚೆಂಡೆಯ ಸದ್ದು ಒಡೆಯುತ್ತದೆ ಎಂದಿದ್ದೀರಿ.

ರಿಮೋಟಿನ ಕೀಸ್ಟೋನ್ ಗುಂಡಿ ಒತ್ತಿ, ಬಾಣದ ಗುಂಡಿಗಳಿಂದ ಅಂಚುಗಳನ್ನು ನೇರ ಮಾಡಬಹುದು. ಆದರೆ ಅದು ಚಿತ್ರವನ್ನೇ ಕುಗ್ಗಿಸಿ ಸರಿಪಡಿಸುತ್ತದೆ. ಹೆಚ್ಚು ಬಳಸಿದರೆ ಮುಖವರ್ಣಿಕೆಯ ಸಣ್ಣ ಗೆರೆಗಳೇ ಮಸುಕಾಗುತ್ತವೆ. ಅಷ್ಟು ಚೆಂದದ ಬಣ್ಣಗಾರಿಕೆ ಹಾಳಾಗಬಾರದು. ಮೊದಲು ಎತ್ತರದ ಮೇಜು ಹುಡುಕಿ, ಪ್ರೊಜೆಕ್ಟರನ್ನು ವಾಲಿಸದೆ ಪರದೆಗೆ ನೇರವಾಗಿಡಿ. ಉಳಿದ ಚೂರು ಓರೆಗೆ ಮಾತ್ರ ಕೀಸ್ಟೋನ್ ಬಳಸಿ. ಫೋಕಸ್ ಹೆಚ್ಚಿನ ಪ್ರೊಜೆಕ್ಟರುಗಳಲ್ಲಿ ರಿಮೋಟಿನಲ್ಲಿರುವುದಿಲ್ಲ. ಲೆನ್ಸಿನ ಸುತ್ತಲಿನ ಬಳೆಯನ್ನು ತಿರುಗಿಸಬೇಕು.

ಸದ್ದು ಒಡೆದರೆ ರಿಮೋಟಿನಲ್ಲಿ ವಾಲ್ಯೂಮ್ ಇಳಿಸಿ ನೋಡಿ. ಒಳಗಿನ ಸ್ಪೀಕರ್ ಚಿಕ್ಕದು, ಚೆಂಡೆಯ ಪೆಟ್ಟನ್ನು ತಾಳಲಾರದು. ಪ್ರೊಜೆಕ್ಟರಿನಲ್ಲಿ ಆಡಿಯೊ ಔಟ್ (ಧ್ವನಿಯನ್ನು ಹೊರಗೆ ಕೊಡುವ ಕಿಂಡಿ) ಇದ್ದರೆ ಅಲ್ಲಿಂದ ಹೊರಗಿನ ಸ್ಪೀಕರಿಗೆ ತಂತಿ ಎಳೆಯಿರಿ.