ಪ್ರತಿಕ್ರಿಯೆ: ಮುಂಬಯಿ ಇದ್ದೂ ಮಹಾರಾಷ್ಟ್ರ ಗೋವಾಕ್ಕಿಂತ ವಿರಳ ಹೇಗೆ?

ಡೊಂಬಿವಲಿಯವರೇ, ಮಗಳ ಪ್ರಾಜೆಕ್ಟಿಗೆ 2011ರ ಜನಗಣತಿಯಿಂದ ಮಹಾರಾಷ್ಟ್ರದ 35 ಜಿಲ್ಲೆಗಳ ಜನಸಾಂದ್ರತೆ (ಒಂದು ಚದರ ಕಿ.ಮೀ.ಗೆ ಎಷ್ಟು ಜನ) ಕೂಡಿಸಿ 35ರಿಂದ ಭಾಗಿಸಿದ್ದೀರಿ. ಉತ್ತರ ಸಾವಿರ ದಾಟಿತು, ಪುಸ್ತಕದಲ್ಲಿ ಮಾತ್ರ 365, ಗೋವಾದ 394ಕ್ಕಿಂತಲೂ ಕಡಿಮೆ. ಪುಸ್ತಕವೇ ಸರಿ.

ಸಾಂದ್ರತೆಗಳ ಸರಾಸರಿ ತೆಗೆಯಬಾರದು. ಮುಂಬಯಿ ನಗರ 19,652, ಉಪನಗರ 20,980. ಇವೆರಡನ್ನಷ್ಟೇ ಕೂಡಿಸಿ 35ರಿಂದ ಭಾಗಿಸಿದರೂ 1,161 ಬರುತ್ತದೆ. ಆದರೆ ಎರಡೂ ಸೇರಿ ಜಾಗ ಬರೀ 603 ಚದರ ಕಿ.ಮೀ. ಅತ್ತ ಗಡಚಿರೋಲಿ ಒಂದೇ 14,412 ಚದರ ಕಿ.ಮೀ., ಬಹುಪಾಲು ಕಾಡು, ಸಾಂದ್ರತೆ 74. ನಿಮ್ಮ ಲೆಕ್ಕದಲ್ಲಿ ಪ್ರತಿ ಜಿಲ್ಲೆಗೂ ಒಂದೇ ತೂಕ ಸಿಕ್ಕಿತು. ಒಟ್ಟು ಜನರನ್ನು ಒಟ್ಟು ವಿಸ್ತೀರ್ಣದಿಂದ ಒಂದೇ ಸಲ ಭಾಗಿಸಿ: 11,23,74,333 ÷ 3,07,713 = 365. ಗೋವಾ: 14,58,545 ÷ 3,702 = 394.

ಸಾಂದ್ರತೆಗೆ ತಕ್ಕಂತೆ ಜಿಲ್ಲೆಗಳ ನಕ್ಷೆಗೆ ಬಣ್ಣ ಹಾಕುವಾಗಲೂ ಮುಂಬಯಿಯೇ ಕಾಟ ಕೊಡುತ್ತದೆ. ಸಮ ಅಂತರದ ವರ್ಗ ಮಾಡಿದರೆ ಎರಡು ಜಿಲ್ಲೆ ಕಡುಗೆಂಪು, ಉಳಿದ 33 ಒಂದೇ ತಿಳಿಬಣ್ಣ. ಸಾಂದ್ರತೆ 603 ಇರುವ ಪುಣೆಗೂ ಗಡಚಿರೋಲಿಗೂ ವ್ಯತ್ಯಾಸವೇ ಕಾಣದು. ವರ್ಗಗಳ ಗೆರೆಯನ್ನು 100, 200, 300, 500, 1,000ಕ್ಕೆ ಎಳೆಯಿರಿ. ಈಗಿನ ನಕ್ಷೆ ಬಳಸಿದರೆ ಪಾಲಘರ್ ಖಾಲಿ ಉಳಿಯುತ್ತದೆ: ಅದು ಠಾಣೆಯಿಂದ ಬೇರೆಯಾದದ್ದು 2014ರಲ್ಲಿ. ಎರಡಕ್ಕೂ ಹಳೆಯ ಠಾಣೆಯ 1,157 ಹಾಕಿ, ಅಡಿಯಲ್ಲಿ ಹಾಗೆಂದು ಬರೆಯಿರಿ.

ಇನ್ನೊಂದು, ಉಪನಗರದ ವಿಸ್ತೀರ್ಣದಲ್ಲಿ ಬೋರಿವಲಿಯ ಕಾಡೂ ಸೇರಿದೆ. ಜನ ವಾಸಿಸುವ ಗಲ್ಲಿಗಳ ದಟ್ಟಣೆ 20,980ಕ್ಕಿಂತ ಎಷ್ಟೋ ಹೆಚ್ಚು.