ಎಂಟು ನಿಮಿಷ ಕಳೆಯಿತು, ಒಂಬತ್ತನೆಯದು ಬಂತು

ಓದುಗರ ಪತ್ರ: “ಕೊರಿಯನ್ ಪಾಪ್ ಎಂದರೆ ತೊಂಬತ್ತರ ದಶಕದಿಂದ ಈಚಿನದು ಎಂದುಕೊಂಡಿದ್ದೆ. ಪರ್ಲ್ ಸಿಸ್ಟರ್ಸ್ 1968ರಲ್ಲಿ ಹಾಡಿದ ‘ಒಂದು ಕಪ್ ಕಾಫಿ’ ಕೇಳಿ ಬೆರಗಾದೆ. ಅದೇ ಹಾಡನ್ನು ಅದಕ್ಕೂ ಮೊದಲೇ ಆಡ್ ಫೋರ್ ಎಂಬ ತಂಡ ಹಾಡಿತ್ತು ಎಂದು ತಿಳಿದು ಹುಡುಕಿ ಕೇಳಿದರೆ ನಿರಾಸೆಯೇ ಆಯಿತು. ಧ್ವನಿ ತೆಳು, ಬೀಟಲ್ಸ್ ನಕಲಿನ ಹಾಗಿದೆ. ಇದರಲ್ಲಿ ಮೆಚ್ಚುವಂಥದ್ದು ಏನಿದೆ? ಇದ್ದರೆ ಆಗ ಯಾಕೆ ಯಾರೂ ಕೇಳಲಿಲ್ಲ? ಹಳೆಯ ಎಲ್‌ಪಿ ಕೊಳ್ಳುವುದು ಒಳ್ಳೆಯದೇ?” (ಓದುಗರೊಬ್ಬರು, ಶಿವಮೊಗ್ಗ)

ಸಂಪಾದಕರ ಉತ್ತರ:

ಬೀಟಲ್ಸ್ ವಿಷಯವನ್ನು ಮೊದಲು ಮುಗಿಸಿಬಿಡೋಣ. ಆಡ್ ಫೋರ್ ಕಟ್ಟಿದ ಗಿಟಾರ್ ವಾದಕ ಶಿನ್ ಜುಂಗ್-ಹ್ಯೊನ್ 1950ರ ದಶಕದ ಕೊನೆಯಿಂದಲೇ ಕೊರಿಯಾದಲ್ಲಿದ್ದ ಅಮೆರಿಕದ ಎಂಟನೇ ಸೇನೆಯ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದವರು. ಅಲ್ಲಿ ವೇದಿಕೆ ಸುಮ್ಮನೆ ಸಿಗುತ್ತಿರಲಿಲ್ಲ. ಆಡಿಷನ್ ಪಾಸಾಗಬೇಕು, ಸಿಕ್ಕ ಶ್ರೇಣಿಯ ಮೇಲೆ ಸಂಬಳ. ಜಾಝ್, ರಾಕ್ ಅಂಡ್ ರೋಲ್, ಸೈನಿಕರು ಕೇಳಿದ್ದನ್ನೆಲ್ಲ ನುಡಿಸಬೇಕು. ಬೀಟಲ್ಸ್ ಅಮೆರಿಕದ ಟೀವಿಯಲ್ಲಿ ಕಾಣಿಸಿಕೊಂಡದ್ದು 1964ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಶಿನ್ ಅವರ ಕೈ ವರ್ಷಗಟ್ಟಲೆ ಪಳಗಿತ್ತು. ನಾಲ್ವರ ತಂಡ, ಎಲೆಕ್ಟ್ರಿಕ್ ಗಿಟಾರ್ ಎಂಬಷ್ಟಕ್ಕೆ ಹೋಲಿಕೆ ಸರಿ. ಮೂಲವೂ ಒಂದೇ: ಇಬ್ಬರೂ ಅಮೆರಿಕದ ರಾಕ್ ಅಂಡ್ ರೋಲ್ ಕೇಳಿಯೇ ಬೆಳೆದವರು.

ಆಡ್ ಫೋರ್‌ನ ಎಲ್‌ಪಿ ಹೊರಬಂದದ್ದು 1964ರಲ್ಲಿ. ಅದೇ ವರ್ಷ ಕೀ ಬಾಯ್ಸ್ ಎಂಬ ಇನ್ನೊಂದು ತಂಡದ ರೆಕಾರ್ಡ್ ಕೂಡ ಬಂತು. ಕೊರಿಯಾದ ಮೊದಲ ರಾಕ್ ತಂಡ ಯಾವುದೆಂಬ ಜಗಳ ಇಂದಿಗೂ ನಿಂತಿಲ್ಲ, ನಿಲ್ಲುವುದೂ ಬೇಡ. ನಮಗೆ ಬೇಕಾದದ್ದು ಇಷ್ಟೇ: ಬೇರೆಯವರು ಪಾಶ್ಚಾತ್ಯ ಹಾಡುಗಳಿಗೆ ಕೊರಿಯನ್ ಸಾಹಿತ್ಯ ತೊಡಿಸುತ್ತಿದ್ದ ಹೊತ್ತಿನಲ್ಲಿ ಶಿನ್ ತಾವೇ ಹಾಡು ಕಟ್ಟಿದರು. ಆ ಎಲ್‌ಪಿಯಿಂದ ಜನ ನೆನಪಿಟ್ಟುಕೊಂಡದ್ದು ‘ಮಳೆಯಲ್ಲಿನ ಹೆಣ್ಣು’ ಎಂಬ ಹಾಡನ್ನು. ಹಳದಿ ರೇನ್‌ಕೋಟ್ ತೊಟ್ಟವಳನ್ನು ನೆನೆಯುವ ಹಾಡು ಅದು. ನೀವು ಕೇಳಿದ ಹಾಡು ಅದೇ ಎಲ್‌ಪಿಯಲ್ಲಿ ‘ನೇ ಸೊಗುಲ್ ತೇವುನುನ್‌ಗುರ್ಯೊ’ ಎಂಬ ಹೆಸರಿನಲ್ಲಿದೆ, ಅಂದರೆ ‘ನನ್ನ ಒಡಲನ್ನು ಬೇಯಿಸುತ್ತಿದ್ದೀಯಲ್ಲ’. ಕಾಫಿ ಎಂಬ ಮಾತು ಶೀರ್ಷಿಕೆಯಲ್ಲಿ ಇಲ್ಲದ್ದರಿಂದ ಎಷ್ಟೋ ಜನರಿಗೆ ಇದು ಅದೇ ಹಾಡೆಂದು ಗೊತ್ತಾಗುವುದಿಲ್ಲ.

ಮೆಚ್ಚಬೇಕಾದದ್ದು ಸಾಹಿತ್ಯದ ಕಾಲ. ಮಳೆಯ ಹಾಡು ಆಗಿಹೋದದ್ದನ್ನು ನೆನೆಯುತ್ತದೆ. ಕಾಫಿಯ ಹಾಡು ನಮ್ಮ ಕಿವಿಯ ಮುಂದೆಯೇ ನಡೆಯುತ್ತದೆ. ಒಬ್ಬಾತ ಕಾಫಿ ಹೇಳಿ ಕೂತಿದ್ದಾನೆ, ಬರಬೇಕಾದವಳು ಬಂದಿಲ್ಲ. ಎಂಟು ನಿಮಿಷ ಕಳೆಯಿತು, ಒಂಬತ್ತನೆಯದು ಬಂತು, ಇನ್ನೊಂದು ನಿಮಿಷವಾದರೆ ನಾನು ಹೊರಟೆ ಎನ್ನುತ್ತಾನೆ. ಹತ್ತು ನಿಮಿಷದ ಗಡುವು ಅವನೇ ಹಾಕಿಕೊಂಡದ್ದು, ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಕೇಳುವವರೇ ಲೆಕ್ಕ ಹಾಕಬೇಕು. ಗಡುವು ಹಾಕಿದವನು ಮುಂದಿನ ಸಾಲಿನಲ್ಲೇ ನಿಜಕ್ಕೂ ನಿನ್ನನ್ನು ಪ್ರೀತಿಸುತ್ತೇನೆ ಎಂದು ಗೋಗರೆಯುತ್ತಾನೆ. ಎದ್ದು ಹೋದನೇ? ಹಾಡು ಹೇಳುವುದಿಲ್ಲ. ಆ ದಿನಗಳ ಸೋಲ್ ನಗರದಲ್ಲಿ ದಾಬಾಂಗ್ ಎನ್ನುವ ಕಾಫಿ ಅಂಗಡಿ ಎಂದರೆ ಕಾಯುವ ಜಾಗ, ಒಂದು ಕಪ್ಪಿನ ದುಡ್ಡಿಗೆ ಎಷ್ಟು ಹೊತ್ತಾದರೂ ಕೂರಬಹುದಿತ್ತು. ಅಂಥಲ್ಲಿ ಹತ್ತು ನಿಮಿಷಕ್ಕೇ ಒಡಲು ಬೇಯಿಸಿಕೊಳ್ಳುವವನ ಚಡಪಡಿಕೆ ಕೊಂಚ ನಗೆಯನ್ನೂ ತರಿಸುತ್ತದೆ.

1968ರ ಧ್ವನಿಮುದ್ರಣವೇ ಹೆಚ್ಚು ಚೆನ್ನಾಗಿದೆ, ಅದರಲ್ಲಿ ನನಗೂ ಅನುಮಾನವಿಲ್ಲ. ಅಕ್ಕತಂಗಿ ಬೆ ಇನ್-ಸುನ್, ಬೆ ಇನ್-ಸುಕ್ ಅವರ ಜೋಡಿ ದನಿಗೆ ಶಿನ್ ಸೋಲ್ ಸಂಗೀತದ ತೂಕ ಕೊಟ್ಟರು (ಇದು ಊರಿನ ಹೆಸರಲ್ಲ, ಅಮೆರಿಕದ ಕರಿಯರ ಗಾಯನಶೈಲಿ). ಆದರೆ ಇಬ್ಬರು ಸೇರಿ ಹಾಡಿದಾಗ ಕಾಯುವವರ ಒಂಟಿತನ ಸ್ವಲ್ಪ ಕರಗುತ್ತದೆ. ಆಡ್ ಫೋರ್‌ನಲ್ಲಿ ಸೊ ಜೊಂಗ್-ಗಿಲ್ ಅವರ ದನಿ, ಹಿಂದೆ ಸಣ್ಣ ವಾದ್ಯಮೇಳ, ಬೇರೆ ಆಸರೆಯಿಲ್ಲ. ನೀವು ತೆಳು ಎಂದದ್ದು ಇದನ್ನೇ ಇರಬೇಕು.

ಇನ್ನರ್ಧ ತೆಳುವು ನಿಮ್ಮ ಕೇಳುವ ಸಲಕರಣೆಯದೂ ಇರಬಹುದು. ಆ ಕಾಲದ ಕೊರಿಯನ್ ರೆಕಾರ್ಡುಗಳು ಮಾನೋ, ಅಂದರೆ ಎಡ-ಬಲವೆಂದು ಬೇರ್ಪಡಿಸದ ಒಂದೇ ಧ್ವನಿವಾಹಿನಿಯವು. ಫೋನಿನಲ್ಲಿ ಸರೌಂಡ್, ಸ್ಪೇಷಿಯಲ್ ಎಂಬ ಸೌಲಭ್ಯ ತೆರೆದಿದ್ದರೆ ಮಧ್ಯದಲ್ಲಿರುವ ದನಿ ಚದುರಿ ಪೊಳ್ಳಾಗುತ್ತದೆ. ಮುಚ್ಚಿಬಿಡಿ. ಬಾಸ್ ಬೂಸ್ಟ್ ಕೂಡ ಬೇಡ: ಮೂಲದಲ್ಲಿ ಇಲ್ಲದ ಮಂದ್ರವನ್ನು ಅದು ತರಲಾರದು, ಸವೆದ ತಟ್ಟೆಯ ಗುಡುಗುಡು ಸದ್ದನ್ನಷ್ಟೇ ಮೇಲೆತ್ತುತ್ತದೆ. ಒಂದೇ ಸ್ಪೀಕರಿನಲ್ಲಿ ಕೇಳಿದರೆ ಗಿಟಾರ್ ಮತ್ತು ದನಿ ಎರಡೂ ಗಟ್ಟಿಯಾಗಿ ನಿಲ್ಲುತ್ತವೆ. ಹಳೆಯ ತಟ್ಟೆಯಿಂದ ಇಳಿಸಿಕೊಂಡ ಪ್ರತಿಗಳಲ್ಲಿ ವೇಗದ ತೊಂದರೆಯೂ ಇರುತ್ತದೆ. ಪ್ಲೇಯರ್ ನೂರಕ್ಕೆ 3ರಷ್ಟು ಜೋರಾಗಿ ತಿರುಗಿದರೂ ಶ್ರುತಿ ಸುಮಾರು ಅರ್ಧ ಸೆಮಿಟೋನ್ (ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದ ಅರ್ಧ) ಏರುತ್ತದೆ, ಗಾಯಕನ ದನಿ ಎಳಸಾಗುತ್ತದೆ. ಎರಡು ಪ್ರತಿಗಳನ್ನು ಹಾಕಿ ಅವಧಿ ಹೋಲಿಸಿ. ಖಾಲಿ ಸೆಕೆಂಡುಗಳನ್ನು ಕಳೆದ ಮೇಲೂ ವ್ಯತ್ಯಾಸ ಉಳಿದರೆ ಎರಡರಲ್ಲೊಂದು ತಪ್ಪು ವೇಗದ್ದು.

ಆಮೇಲೆ ತಾಳ. ಒಂದರಿಂದ ನಾಲ್ಕು ಎಣಿಸುತ್ತ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ಹಾಕಿ ನೋಡಿ, ರಾಕ್ ಸಂಗೀತದಲ್ಲಿ ಒತ್ತು ಬೀಳುವುದು ಅಲ್ಲೇ. ನಮ್ಮ ಕೈ ತಾನಾಗಿ ಒಂದಕ್ಕೆ ಬೀಳುತ್ತದೆ, ಏಕೆಂದರೆ ನಮಗೆ ಸಮವೇ, ಅಂದರೆ ತಾಳದ ಮೊದಲ ಪೆಟ್ಟೇ ಮುಖ್ಯ. ಅಲ್ಲಿನ ಕೇಳುಗರ ಕಿವಿಗೂ ರೂಢಿ ಬೇರೆಯಿತ್ತು. ಆಗ ಆಳುತ್ತಿದ್ದದ್ದು ಟ್ರಾಟ್, ಅಂದರೆ ಎರಡೆರಡು ಪೆಟ್ಟಿನ ನಡೆ, ದನಿಯನ್ನು ಮುರಿದು ನಡುಗಿಸಿ ಹಾಡುವ ಅಳಲಿನ ಗೀತೆ. ಅದರ ತಾಳದ ಸದ್ದಿನಿಂದಲೇ ಜನ ಅದನ್ನು ‘ಪ್ಪೊಂಗ್‌ಜ್ಜಾಕ್’ ಎಂದು ಲೇವಡಿ ಮಾಡುತ್ತಿದ್ದರು, ಲೇವಡಿ ಮಾಡುತ್ತಲೇ ಮುಗಿಬಿದ್ದು ಕೇಳುತ್ತಿದ್ದರು.

ಯಾಕೆ ಯಾರೂ ಕೇಳಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. 1964 ಲೀ ಮಿ-ಜಾ ಅವರ ‘ಕೆಮೀಲಿಯಾ ಹುಡುಗಿ’ ಎಂಬ ಟ್ರಾಟ್ ಹಾಡು ನಾಡೆಲ್ಲ ಮೊಳಗಿದ ವರ್ಷ. ಉಳಿದರ್ಧ ಮಾರುಕಟ್ಟೆಯದು. ಎಲೆಕ್ಟ್ರಿಕ್ ಗಿಟಾರಿಗೆ ತಲೆದೂಗುತ್ತಿದ್ದ ಅಮೆರಿಕದ ಸೈನಿಕರಿಗೆ ಕೊರಿಯನ್ ಸಾಹಿತ್ಯದ ತಟ್ಟೆ ಬೇಡ, ಕೊರಿಯನ್ ಕೊಳ್ಳುವವರಿಗೆ ಈ ಸದ್ದಿನ ರುಚಿ ಇನ್ನೂ ಹತ್ತಿಲ್ಲ. ಎಲ್‌ಪಿ ನೆಲಕಚ್ಚಿತು. ವಿಯೆಟ್ನಾಂ ಯುದ್ಧ ಸೈನಿಕರನ್ನು ಅತ್ತ ಸೆಳೆದಂತೆ ಕ್ಲಬ್ಬುಗಳೂ ಬಡವಾದವು. ಪರ್ಲ್ ಸಿಸ್ಟರ್ಸ್‌ಗೆ ಹಾಡು ಕೊಡುವ ಹೊತ್ತಿಗೆ ಶಿನ್ ಕೂಡ ವಿಯೆಟ್ನಾಂಗೆ ಹೊರಡುವ ತಯಾರಿಯಲ್ಲಿದ್ದರು. ಹಾಡು ಗೆದ್ದಿತು, ಅವರು ಉಳಿದರು.

ಆಮೇಲಿನ ಮರೆವು ಬೇರೆ ಬಗೆಯದು, ಅದು ಸರ್ಕಾರ ಮಾಡಿಸಿದ್ದು. ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರನ್ನು ಹೊಗಳುವ ಹಾಡು ಬರೆಯಲು ಶಿನ್ ಒಪ್ಪಲಿಲ್ಲ. 1975ರ ಕೊನೆಗೆ ಗಾಂಜಾ ಪ್ರಕರಣದಲ್ಲಿ ಜೈಲು ಸೇರಿದರು, ವೇದಿಕೆ ನಿಷಿದ್ಧವಾಯಿತು. 1979ರಲ್ಲಿ ಪಾರ್ಕ್ ಹತ್ಯೆಯಾಗುವವರೆಗೂ ಆ ನಿಷೇಧ ಸಡಿಲಲಿಲ್ಲ. ನಿಷೇಧಿತ ಹಾಡುಗಳಲ್ಲಿ ಅನೇಕವು ಮತ್ತೆ ಬಾನುಲಿಗೆ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೇರೆಯದನ್ನೇ ಕೇಳಿ ಬೆಳೆದಿತ್ತು. ಕೊರಿಯನ್ ಪಾಪ್ ತೊಂಬತ್ತರಲ್ಲಿ ಶುರುವಾಯಿತೆಂದು ನಿಮಗೆ ಅನಿಸಿದ್ದು ಆಶ್ಚರ್ಯವಲ್ಲ.

ಹುಡುಕುವಾಗ ಎಡವುವ ಜಾಗಗಳೂ ಇವೆ. ಸ್ಟ್ರೀಮಿಂಗ್ ತಾಣಗಳಲ್ಲಿ ಕಾಣುವ ವರ್ಷ ಮರುಮುದ್ರಣದ್ದಾಗಿರಬಹುದು, ಅದನ್ನು ನೆಚ್ಚಬೇಡಿ. ಶಿನ್ ಹೆಸರಿನ ಸಂಕಲನಗಳಲ್ಲಿ ಬೇರೆ ಬೇರೆ ಕಾಲದ, ಬೇರೆ ಗಾಯಕರ ಪ್ರತಿಗಳು ಬೆರೆತಿರುತ್ತವೆ. ಇಬ್ಬರು ಹೆಣ್ಣುಮಕ್ಕಳ ದನಿ ಕೇಳಿದರೆ ಅದು 1964ರದ್ದಲ್ಲ. ಕಾಫಿ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಇತ್ತೀಚಿನ ಮರುಗಾಯನಗಳೇ ಮೇಲೆ ಬರುತ್ತವೆ. ಅದೇ ತಾಣದಲ್ಲಿರುವ ಶಿನ್ ಅವರ ಪುಟದಿಂದ ಕೊರಿಯನ್ ಲಿಪಿಯ ಶೀರ್ಷಿಕೆಯನ್ನು ನಕಲು ಮಾಡಿ ಹಾಕಿ.

1964ರ ಮೂಲ ಎಲ್‌ಪಿ ಸಂಗ್ರಾಹಕರ ವಸ್ತು, ಕೇಳುವುದಕ್ಕಾಗಿ ಅದನ್ನು ಕೊಳ್ಳಬೇಡಿ. ಇಷ್ಟು ದೂರದಿಂದ ತಟ್ಟೆಯ ಸವೆತ ಗೊತ್ತಾಗುವುದಿಲ್ಲ, ಮಾರುವವರ ಚಿತ್ರಗಳಲ್ಲಿ ಗೀರು ಕಂಡೀತು, ತೋಡಿನ ಸವೆತ ಕಾಣದು. ಮರುಮುದ್ರಿತ ಸಿಡಿ ಸಾಕು. ಶಿನ್ ಅವರ ದಾರಿಯನ್ನು ಹಿಡಿಯಲು 2011ರಲ್ಲಿ ಲೈಟ್ ಇನ್ ದಿ ಅಟಿಕ್ ಸಂಸ್ಥೆ ತಂದ ಸಂಕಲನವಿದೆ. ಅಲ್ಲಿಂದ 1974ರ ‘ಮೀಇನ್’ ಹಾಡಿಗೆ ಹೋಗಿ. ಅದರ ಗಿಟಾರ್ ಸೊಲ್ಲು ಐದೇ ಸ್ವರಗಳ ಮೇಲೆ ನಿಂತದ್ದು, ಶುದ್ಧ ಧನ್ಯಾಸಿ ರಾಗ ಬಲ್ಲ ಕಿವಿಗೆ ಆ ಸ್ವರಗಳ ಪರಿಚಯ ಹೇಳಬೇಕಾಗಿಲ್ಲ.