ಹಂದಿ ಕಾವಲಿಗೆ ಹತ್ತಿ ಸಾಲದು

ಅಣ್ಣಾರೆ, ಖಾನಾಪುರ ಕಡೆ ಕಬ್ಬಿಗೆ ಬರೋ ಹಂದಿ ಬೆದರಿಸಲು 12 ಬೋರ್ ಬಂದೂಕು ಹಾರಿಸುವಾಗ ಕಿವಿ ಮುಚ್ಚೋ ಎಲೆಕ್ಟ್ರಾನಿಕ್ ಇಯರ್‌ಮಫ್ ಬೇಕಾ, ಹತ್ತಿ ಸಾಕಾ ಅಂತ ಕೇಳಿದ್ದೀರಿ. ಹತ್ತಿ ಸುಮ್ನೆ ಸಮಾಧಾನಕ್ಕೆ. ಆ ಸದ್ದು 150 ಡೆಸಿಬಲ್ ದಾಟುತ್ತದೆ, 140 ದಾಟಿದ ಒಂದೇ ಗುಂಡು ಕಿವಿ ಕೆಡಿಸಬಹುದು.

ರಾತ್ರಿ ಕಾವಲಿಗೆ ಎಲೆಕ್ಟ್ರಾನಿಕ್ಕೇ ಸರಿ. ರವದಿ (ಕಬ್ಬಿನ ಒಣ ಗರಿ) ಸರಸರ ಅಂದದ್ದನ್ನು ಮೈಕ್ ಜೋರಾಗಿ ಕೇಳಿಸುತ್ತದೆ, ಗುಂಡು ಹಾರಿದ ಕೂಡಲೇ ತನ್ನ ಸದ್ದು ಇಳಿಸುತ್ತದೆ. ಎರಡೂ ಕಡೆ ಬೇರೆ ಬೇರೆ ಮೈಕ್ ಇರಲಿ, ಹಂದಿ ಯಾವ ಕಡೆ ಅಂತ ಗೊತ್ತಾಗಬೇಕಲ್ವಾ? ಆದರೆ ಕಿವಿ ಕಾಯೋದು ಮೈಕ್ ಅಲ್ಲ, ಸುತ್ತಲಿನ ಮೆತ್ತೆ. ತಲೆಗೆ ಸುತ್ತಿದ ಟವೆಲ್, ಕನ್ನಡಕದ ಕಡ್ಡಿ ಅಡ್ಡ ಬಂದರೆ ಸದ್ದು ನುಸುಳುತ್ತದೆ. ಡಬ್ಬಿ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗಿಸುತ್ತದೆ ಅನ್ನೋ ಅಂಕಿ) 22ಕ್ಕಿಂತ ಕಮ್ಮಿ ಇದ್ದರೆ ನಾನಂತೂ ಕೊಳ್ಳಲ್ಲ. ಮಫ್ ಒಳಗೆ ಕಿವಿಗೆ ಫೋಮ್ ಪ್ಲಗ್ ಹಾಕಿ, ವಾಲ್ಯೂಮ್ ಸ್ವಲ್ಪ ಏರಿಸಿಕೊಂಡರೆ ಇನ್ನೂ ಒಳ್ಳೇದು.